ಹಳೇ ಬಟ್ಟೆ ಕೊಟ್ಟರೆ ಸಾಕಾ?

ಪ್ರಶ್ನೆ: ಮೇಡಂ, ನಮ್ಮ ಮನೆ ಥಣಿಸಂದ್ರದ ಕಡೆ. ಹಿಂದಿನ ಖಾಲಿ ಸೈಟಿನಲ್ಲಿ ಟಾರ್ಪಾಲು ಕಟ್ಟಿಕೊಂಡು ಏಳೆಂಟು ಸಂಸಾರಗಳಿವೆ. ಪ್ಲಾಸ್ಟಿಕ್, ರಟ್ಟು ಆಯ್ದು ಮಾರುತ್ತಾರೆ. ಬರ್ಮಾದಿಂದ ಓಡಿ ಬಂದ ರೋಹಿಂಗ್ಯಾಗಳಂತೆ. ಅಲ್ಲಿರುವ ಒಬ್ಬ ಹುಡುಗಿ ನನ್ನ ಮಗಳ ವಯಸ್ಸಿನವಳು, ಶಾಲೆಗೆ ಹೋಗಲ್ಲ. ಏನಾದ್ರೂ ಸಹಾಯ ಮಾಡೋಣ ಅಂದರೆ ನಮ್ಮ ಮನೆಯವರು 'ಸುಮ್ನೆ ಪೊಲೀಸ್ ತಲೆನೋವು ಯಾಕೆ' ಅಂತಾರೆ. ಹಳೇ ಬಟ್ಟೆ ಕೊಟ್ಟರೆ ಸಾಕಾ?
– ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ಹಳೇ ಬಟ್ಟೆ ವಿಷಯದಲ್ಲಿ ನಾನೇ ಪೆಚ್ಚಾದವಳು. ಸರ್ಕಾರಿ ಶಾಲೆಯ ಹೆಡ್‌ಮಿಸ್ ಕೆಲಸದಿಂದ ರಿಟೈರಾದ ವರ್ಷ ಇಂಥದೇ ಒಂದು ಜಾಗಕ್ಕೆ ಆಟೋದಲ್ಲಿ ಎರಡು ಮೂಟೆ ಬಟ್ಟೆ ತಗೊಂಡು ಹೋದೆ. ಅಲ್ಲಿದ್ದ ಬಸುರಿ ಹೆಂಗಸು ಮೂಟೆ ಬಿಚ್ಚಿದಳು. ಕಾಟನ್ ಒಂದು ಕಡೆ, ಪಾಲಿಯೆಸ್ಟರ್ ಒಂದು ಕಡೆ, ಜಿಪ್ ಹೋದದ್ದು ಇನ್ನೊಂದು ಕಡೆ. ಕೈ ತಾನಾಗೇ ಓಡುತ್ತಿತ್ತು. ಆಮೇಲೆ ನನ್ನ ಮುಖ ನೋಡಿ ನಕ್ಕಳು. ದಿನವಿಡೀ ಊರಿನ ಕಸ ವಿಂಗಡಿಸುವವಳಿಗೆ ನಾನು ಇನ್ನೆರಡು ಮೂಟೆ ಕೆಲಸ ತಂದುಕೊಟ್ಟಿದ್ದೆ!

'ನಾಳೆ ಆಸ್ಪತ್ರೆಗೆ ಬರ್ತೀರಾ?' ಅಂತ ಹರುಕು ಮುರುಕು ಹಿಂದಿಯಲ್ಲಿ ಕೇಳಿದಳು. ಹೋದೆ. ಚೀಟಿ ಮಾಡಿಸುವ ಕ್ಯೂನಲ್ಲಿ ಒಂದೂವರೆ ಗಂಟೆ. ಒಳಗೆ ಹೋದಾಗ ಅರ್ಥವಾಯಿತು, ಅಷ್ಟು ದಿನವೂ ಡಾಕ್ಟರ್ ಹೇಳಿದ್ದನ್ನು ಅವಳಿಗೆ ತಿಳಿಸುತ್ತಿದ್ದವನು ಅವಳ ಎಂಟು ವರ್ಷದ ಮಗ. ಬೀದಿಯಲ್ಲಿ ಕನ್ನಡ ಕಲಿತವನು. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದೆ ಅನ್ನೋದನ್ನ ಆ ಪುಟ್ಟ ಹುಡುಗ ಅಮ್ಮನಿಗೆ ಹೇಳಬೇಕಿತ್ತು. ಆ ದಿನ ನಾನು ಹೇಳಿದೆ, ಅವನು ಹೊರಗೆ ಬೆಂಚಿನ ಮೇಲೆ ಕೂತು ಬನ್ ತಿಂದ. ನಿಮ್ಮಿಂದ ಆಗುವ ದೊಡ್ಡ ಸಹಾಯ ಇದೇ, ನಿಮ್ಮ ಕನ್ನಡ.

ಇನ್ನು ಯಜಮಾನರ ಭಯ. ಅದು ಪೂರ್ತಿ ಸುಳ್ಳಲ್ಲ. ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಬೇರೆ ಕಾನೂನೂ ಇಲ್ಲ. ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಕೆಲವರಿಗೆ ಕಾರ್ಡ್ ಕೊಟ್ಟಿದೆ. ಆದರೆ ಸರ್ಕಾರದ ಲೆಕ್ಕದಲ್ಲಿ ರೋಹಿಂಗ್ಯಾಗಳು ಅಕ್ರಮವಾಗಿ ಬಂದ ವಿದೇಶಿಯರೇ. ಹಾಗಾಗಿ 'ಆಧಾರ್ ಮಾಡಿಸಿಕೊಡ್ತೀನಿ' ಅಂತ ಮಾತ್ರ ಹೊರಡಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಮೊದಲು ಜೈಲಿಗೆ ಹೋಗುವವರು ಅವರು. ಊಟ ಕೊಡೋಕೆ, ಆಸ್ಪತ್ರೆಗೆ ಜೊತೆಗೆ ಹೋಗೋಕೆ ಹೆದರಬೇಕಿಲ್ಲ.

ಹುಡುಗಿಯ ಶಾಲೆ ನನ್ನ ವಿಷಯ, ಸ್ವಲ್ಪ ಜಾಸ್ತಿ ಹೇಳ್ತೀನಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ರೋಹಿಂಗ್ಯಾ ಮಕ್ಕಳು ಸರ್ಕಾರಿ ಶಾಲೆಗೆ ಅರ್ಜಿ ಹಾಕಲಿ, ಸೇರಿಸಿಕೊಳ್ಳದಿದ್ದರೆ ಹೈಕೋರ್ಟಿಗೆ ಹೋಗಲಿ ಎಂದಿತು. ಹೆಡ್‌ಮಾಸ್ಟರು 'ಆಧಾರ್ ಎಲ್ಲಿ' ಅಂದೇ ಅಂತಾರೆ. ನಾನೂ ಅಂದವಳೇ. ಜಗಳ ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ಕೇಳಿ. ಒಪ್ಪದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಫೀಸಿಗೆ ಬರೆದುಕೊಡಿ.

ಇನ್ನೊಂದು ಮಾತು. ಬಂಗಾಳಿ ಮಾತಾಡಿದವರೆಲ್ಲ ರೋಹಿಂಗ್ಯಾ ಅಲ್ಲ. ಅಸ್ಸಾಂ, ಪಶ್ಚಿಮ ಬಂಗಾಳದಿಂದ ದುಡಿಯೋಕೆ ಬಂದ ನಮ್ಮದೇ ದೇಶದವರೂ ಇಂಥ ಶೆಡ್ಡುಗಳಲ್ಲಿದ್ದಾರೆ. 'ಎಲ್ಲಿಂದ ಬಂದ್ರಿ, ಯಾಕೆ ಬಂದ್ರಿ' ಅಂತ ವಿಚಾರಣೆ ಶುರು ಮಾಡಬೇಡಿ. ಬರ್ಮಾದ 1982ರ ಕಾನೂನು ರೋಹಿಂಗ್ಯಾಗಳನ್ನು ಪೌರತ್ವದಿಂದ ಹೊರಗಿಟ್ಟಿತು. 2017ರ ಆಗಸ್ಟಿನಲ್ಲಿ ಸೈನ್ಯ ಊರುಗಳ ಮೇಲೆ ಬಿದ್ದಾಗ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ಜನ ಬಾಂಗ್ಲಾದೇಶಕ್ಕೆ ಓಡಿದರು. ಇಷ್ಟು ನಿಮಗೆ ಗೊತ್ತಿದ್ದರೆ ಸಾಕು, ಅವರ ಬಾಯಲ್ಲಿ ಮತ್ತೆ ಹೇಳಿಸಬೇಕಾ? ಫೋಟೋ ಅಂತೂ ಬೇಡವೇ ಬೇಡ.

ಯಜಮಾನರು ಆಗಲೂ ಗೊಣಗಿದರೆ ಬೈಲಕುಪ್ಪೆ ನೆನಪಿಸಿ. ಅಲ್ಲಿಗೆ ಟೂರ್ ಹೋಗಿ ಮೋಮೊ ತಿಂದು ಬಂದಿರ್ತಾರೆ, ಅಲ್ವಾ? ಟಿಬೆಟಿನಿಂದ ಬಂದವರಿಗೆ ಮೈಸೂರು ರಾಜ್ಯ ಅಲ್ಲಿ ಜಮೀನು ಕೊಟ್ಟು ನೆಲೆ ಮಾಡಿದ್ದು 1960ರ ದಶಕದ ಶುರುವಿನಲ್ಲಿ. ನೆಲ ಸಿಕ್ಕಿತು, ನೋಂದಣಿ ಪತ್ರ ಸಿಕ್ಕಿತು, ಜೋಳ ಬೆಳೆದರು. ನಿಮ್ಮ ಹಿಂದಿನ ಸೈಟಿನವರಿಗೆ ನೆಲ, ಪತ್ರ ಎರಡೂ ಸಿಕ್ಕಿಲ್ಲ.

ಬೆಳಿಗ್ಗೆ ಹೋಗಬೇಡಿ, ಆಯೋಕೆ ಹೋಗಿರ್ತಾರೆ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಮಗಳನ್ನೂ ಕರ್ಕೊಂಡು ಹೋಗಿ.