ಊಟ, ಪುಸ್ತಕ ಎಲ್ಲಾ ಉಚಿತ ಇದ್ದರೂ ಹಳ್ಳಿ ಮಕ್ಕಳು ಶಾಲೆಗೆ ಯಾಕೆ ಬರಲ್ಲ?

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಊಟ, ಪುಸ್ತಕ, ಸಮವಸ್ತ್ರ ಎಲ್ಲಾ ಕೊಟ್ಟರೂ ಮಕ್ಕಳು ಶಾಲೆಗೆ ಯಾಕೆ ಸೇರಲ್ಲ, ಪಾಲಕರಿಗೆ ತಿಳುವಳಿಕೆ ಇಲ್ಲದಿರೋದೇ ಕಾರಣವಾ ಅಂತ ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 16 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈ ಪ್ರಶ್ನೆ ನನಗೆ ದಿನಾ ಎದುರಾಗುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲಿಗೆ, ಹೆಸರು ಸೇರಿಸದ ಮನೆ ಈಗ ತುಂಬಾ ಕಡಿಮೆ. ಮೇ ಕೊನೆಯಲ್ಲಿ ನಾವು ಮನೆ ಮನೆಗೆ ಹೋಗಿ ಪಟ್ಟಿ ಮಾಡುತ್ತೇವೆ. ಆರು ವರ್ಷ ತುಂಬಿದ ಮಗುವಿನ ಹೆಸರು ಬರೆಸಲ್ಲ ಅಂದ ತಾಯಿಯನ್ನು ನಾನು ನೋಡಿದ್ದು ಬಹಳ ಕಡಿಮೆ. ದಾಖಲಾತಿ ಪುಸ್ತಕದಲ್ಲಿ ಹೆಸರಿರುತ್ತದೆ. ಬೆಂಚಿನ ಮೇಲೆ ಮಗು ಇರೋದಿಲ್ಲ. ತೊಂದರೆ ಇರೋದು ಇಲ್ಲಿ. 2013ರಲ್ಲಿ ನಮ್ಮ ಹೈಕೋರ್ಟ್ ಶಾಲೆ ಬಿಟ್ಟ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಆಮೇಲೆ ಏಳು ದಿನ ಗೈರಾದರೂ ಮಗುವನ್ನು ಹುಡುಕಿಕೊಂಡು ಹೋಗಬೇಕು ಅಂತಾಯಿತು. ನಾವು ಹೋಗುತ್ತೇವೆ. ಹೋದಾಗ ಎಷ್ಟೋ ಸಲ ಬಾಗಿಲಿಗೆ ಬೀಗ ಇರುತ್ತದೆ.

ಆ ಬೀಗದ ಹೆಸರು ಗುಳೆ. ದಸರಾ, ದೀಪಾವಳಿ ಮುಗಿಯುತ್ತಿದ್ದಂತೆ ಮೇಸ್ತ್ರಿ ಬರುತ್ತಾನೆ. ಮುಂಗಡ ದುಡ್ಡು ಮೊದಲೇ ಕೊಟ್ಟಿರುತ್ತಾನೆ. ಅದು ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ರಾತ್ರಿ ಗಾಡಿ ಬಂದು ನಿಲ್ಲುತ್ತದೆ. ಪಾತ್ರೆ, ಹಾಸಿಗೆ, ಜೋಳದ ಚೀಲ, ಮಕ್ಕಳು ಎಲ್ಲಾ ಏರುತ್ತಾರೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಕಟ್ಟಡ ಕೆಲಸ. ಒಮ್ಮೆ ನಾಲ್ಕನೇ ತರಗತಿ ಹುಡುಗ ಗಾಡಿ ಹತ್ತುವ ಮೊದಲು ನಮ್ಮ ಮನೆಗೇ ಬಂದು ಕೇಳಿದ: 'ಸರ್, ಪುಸ್ತಕ ಒಯ್ಲೇನ್ರೀ, ಇಲ್ಲೇ ಇಟ್ಟು ಹೋಗ್ಲೇನ್ರೀ?' ಒಯ್ಯಿ ಅಂದೆ. ಉಗಾದಿ ಹೊತ್ತಿಗೆ ವಾಪಸ್ ಬಂದ. ಕನ್ನಡ ಪುಸ್ತಕದ ಅಂಚಿಗೆಲ್ಲಾ ಸಿಮೆಂಟ್ ಗಟ್ಟಿಯಾಗಿ ಹತ್ತಿಕೊಂಡಿತ್ತು. ಐದು ತಿಂಗಳ ಪಾಠ ಹೋಗಿತ್ತು. ಮುಂದಿನ ತರಗತಿಗೆ ಕಳಿಸಿದೆವು. ಹೀಗೆ ಎರಡು ಮೂರು ವರ್ಷ ಆದರೆ ಆರನೇ ತರಗತಿಯಲ್ಲಿ ಮಗುವಿಗೆ ಓದೋಕೆ ಬರಲ್ಲ. ಗೆಳೆಯರ ಮುಂದೆ ನಾಚಿಕೆ. ಆಮೇಲೆ ತಾನಾಗಿಯೇ ಬರೋದು ಬಿಡುತ್ತದೆ. ನಾವು 'ಆಸಕ್ತಿ ಇಲ್ಲ' ಅಂತ ಬರೆದುಕೊಳ್ಳುತ್ತೇವೆ. ಹಾಗೆ ಬರೆಯೋದು ಅನ್ಯಾಯ ಅಂತ ನನಗೆ ಅನಿಸುತ್ತದೆ.

ಗುಳೆ ಹೋಗದ ಮನೆಗಳಲ್ಲಿ ಹತ್ತಿ ಇರುತ್ತದೆ. ನಮ್ಮ ಕಡೆ ಅಕ್ಟೋಬರ್‌ನಿಂದ ಜನವರಿವರೆಗೆ ಹತ್ತಿ ಬಿಡಿಸೋ ಕಾಲ. ಈ ಕೂಲಿ ಕೆಜಿ ಲೆಕ್ಕದಲ್ಲಿ. ಇದನ್ನು ಸ್ವಲ್ಪ ಗಮನಿಸಿ. ದಿನಗೂಲಿ ಆಗಿದ್ದರೆ ಹೊಲದವರು ಹತ್ತು ವರ್ಷದ ಮಗುವಿಗೆ ಕೂಲಿ ಕೊಡಲ್ಲ, ಕೆಲಸಕ್ಕೂ ಕರೆಯಲ್ಲ. ಕೆಜಿ ಲೆಕ್ಕದಲ್ಲಿ ಮಗು ಬಿಡಿಸಿದ್ದು ತಾಯಿಯ ಚೀಲಕ್ಕೇ ಹೋಗುತ್ತದೆ. ಎರಡು ಸಣ್ಣ ಕೈ ಸೇರಿದರೂ ತೂಕ ಹೆಚ್ಚುತ್ತದೆ. ಮೆಣಸಿನಕಾಯಿ ಬಿಡಿಸೋದೂ ಹೀಗೇ. ನವೆಂಬರ್‌ನಲ್ಲಿ ಬೆಳಗ್ಗೆ ಏಳಕ್ಕೆ ಊರಿಂದ ಟಂಟಂ ಆಟೋಗಳು ಹೊರಡುತ್ತವೆ. ಒಳಗೆ ನನ್ನ ತರಗತಿಯ ಅರ್ಧ ಮಕ್ಕಳು ಕೂತಿರುತ್ತಾರೆ. ನನ್ನನ್ನು ನೋಡಿದರೆ ತಲೆ ತಗ್ಗಿಸುತ್ತಾರೆ.

ಆದರೆ ನನ್ನನ್ನು ಕೇಳಿದರೆ ಇವೆರಡಕ್ಕಿಂತ ಜಾಸ್ತಿ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಮನೆಯಲ್ಲಿ ಹಿಡಿದಿಡೋದು ಒಂದು ಕೂಸು.

ಕೆಲವು ವರ್ಷದ ಹಿಂದೆ ಮೂರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬೆಳಗ್ಗೆ ಬರುತ್ತಿರಲಿಲ್ಲ. ಬಿಸಿಯೂಟದ ಗಂಟೆ ಹೊಡೆದಾಗ ತಮ್ಮನನ್ನು ಸೊಂಟಕ್ಕೆ ಎತ್ತಿಕೊಂಡು ಬರುತ್ತಿದ್ದಳು. ಅವನಿಗೆ ಎರಡೂವರೆ ವರ್ಷ. ಒಂದೇ ತಟ್ಟೆ. ಅನ್ನ ಸಾರು ಕಲಸಿ ಮೊದಲು ಅವನ ಬಾಯಿಗೆ, ಆಮೇಲೆ ತನ್ನ ಬಾಯಿಗೆ. ತಟ್ಟೆ ತೊಳೆದಿಟ್ಟು ಹೋಗಿಬಿಡುತ್ತಿದ್ದಳು. ನಾನು ಮನೆಗೆ ಹೋಗಿ ಅವಳ ತಾಯಿಗೆ ಶಿಕ್ಷಣದ ಬಗ್ಗೆ ಒಂದಷ್ಟು ಹೇಳಿದೆ. ಆಕೆ ಎಲ್ಲಾ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು: 'ಖರೆ ಐತ್ರಿ ಸರ್. ಕೂಸಿನ್ನ ಯಾರ್ ನೋಡ್ಬೇಕ್ರೀ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗನವಾಡಿ ಇತ್ತು. ಆದರೆ ಅಲ್ಲಿ ಕೂರಿಸಿಕೊಳ್ಳೋದು ಮೂರು ವರ್ಷ ತುಂಬಿದವರನ್ನು. ಬಾಗಿಲು ತೆರೆಯೋ ಹೊತ್ತಿಗೆ ತಾಯಿ ಹೊಲ ಸೇರಿ ಎರಡು ಮೂರು ತಾಸಾಗಿರುತ್ತದೆ. ಆಕೆಗೆ ತಿಳುವಳಿಕೆ ಇಲ್ಲ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಮಾರನೇ ದಿನ ಹುಡುಗಿಗೆ, ತಮ್ಮನನ್ನೂ ಕರಕೊಂಡು ಬಾ ಅಂದೆ. ತರಗತಿಯ ಮೂಲೆಯಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಹಳೇ ಸೀರೆ ಮಡಚಿ ಹಾಕಿದೆವು. ಮೊದಲ ವಾರ ಅವನು ಅತ್ತ, ಸೀಮೆಸುಣ್ಣ ತಿಂದ. ಪಾಠಕ್ಕೆ ತೊಂದರೆ ಆಯಿತು, ಇಲ್ಲ ಅನ್ನೋದಿಲ್ಲ. ಆಮೇಲೆ ಮಗ್ಗಿ ಹೇಳುವ ಹೊತ್ತಿಗೆ ನಿದ್ದೆ ಹೋಗೋದು ಅವನಿಗೆ ರೂಢಿಯಾಯಿತು. ಆ ವರ್ಷ ಹುಡುಗಿಯ ಹಾಜರಿ ಎಲ್ಲರ ಹಾಗೇ ಆಯಿತು.

2023ರಲ್ಲಿ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಅಂತ ಶುರು ಮಾಡಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಜನ ಇದನ್ನು ತಾಯಂದಿರ ಯೋಜನೆ ಅಂತಾರೆ. ನನ್ನ ಕಣ್ಣಿಗೆ ಇದು ಅಕ್ಕಂದಿರ ಯೋಜನೆ, ಶಾಲೆಯ ಯೋಜನೆ. ಹೊಲದ ಕೂಲಿಗೆ ಹೋಗುವವರ ಸಮಯಕ್ಕೂ ಹೊಂದಿಸಿ ಇದು ಚೆನ್ನಾಗಿ ನಡೆದರೆ, ನೂರು ಜಾಗೃತಿ ಜಾಥಾ ಮಾಡದ ಕೆಲಸವನ್ನು ಮಾಡುತ್ತದೆ ಅಂತ ನಂಬಿದ್ದೇನೆ.

ಊಟದಿಂದ ಏನೂ ಆಗಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾಗಿದ್ದೇ ನಮ್ಮ ಕಡೆಯ ಏಳು ಜಿಲ್ಲೆಗಳಲ್ಲಿ, 2002ರಲ್ಲಿ. ಮೊಟ್ಟೆ ಬಂದಿದ್ದು 2021ರ ಡಿಸೆಂಬರ್‌ನಲ್ಲಿ. ಮೊಟ್ಟೆ ಕೊಡುವ ದಿನ ನಮ್ಮಲ್ಲಿ ಹಾಜರಿ ಎದ್ದು ಕಾಣುವಷ್ಟು ಜಾಸ್ತಿ ಇರುತ್ತಿತ್ತು. ಆ ಹುಡುಗಿಯೂ ಗಂಟೆ ಕೇಳಿಯೇ ತಾನೇ ಬರುತ್ತಿದ್ದುದು?

ಇನ್ನೊಂದು ಕಂದಕ ಇರೋದು ಏಳನೇ ತರಗತಿ ಮುಗಿದ ಮೇಲೆ. ಶಿಕ್ಷಣ ಹಕ್ಕು ಕಾಯ್ದೆ 14 ವರ್ಷದವರೆಗೆ, ಅಂದರೆ ಎಂಟನೇ ತರಗತಿವರೆಗೆ ಬರುತ್ತದೆ. ನಮ್ಮ ರಾಜ್ಯದ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ. ಎಂಟಕ್ಕೆ ಹೈಸ್ಕೂಲಿಗೆ ಹೋಗಬೇಕು. ನಮ್ಮೂರಿಂದ ಅದು ಆರು ಕಿಲೋಮೀಟರ್. ಗಂಡುಹುಡುಗರು ಹೇಗೋ ಹೋಗುತ್ತಾರೆ. ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಅಪ್ಪ ದಾರಿಯನ್ನು ನೋಡುತ್ತಾನೆ. ಮಧ್ಯೆ ಹಳ್ಳ, ಜಾಲಿ ಗಿಡಗಳು, ಮನೆ ಒಂದೂ ಇಲ್ಲ. ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಒಳ್ಳೆಯದೇ. ಆದರೆ ಬಸ್ಸು ಬರಬೇಕಲ್ವಾ? ಎಂಟನೇ ತರಗತಿಯವರಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ನಾಲ್ಕೈದು ಹುಡುಗಿಯರು ಒಟ್ಟಿಗೆ ಹೋಗುತ್ತಿದ್ದರು, ಅಪ್ಪಂದಿರಿಗೂ ಧೈರ್ಯ ಇತ್ತು. ಶಾಲೆ ಬಿಟ್ಟ ಹುಡುಗಿ ಮನೆಯಲ್ಲಿ ಕೂತರೆ ಎರಡು ವರ್ಷದಲ್ಲಿ ಮದುವೆ ಮಾತು ಶುರುವಾಗುತ್ತದೆ.

ಭಾಷೆಯದೂ ಒಂದು ಪಾಲಿದೆ. ತಾಂಡಾದಿಂದ ಬರುವ ಮಕ್ಕಳಿಗೆ ಮನೆಯಲ್ಲಿ ಲಂಬಾಣಿ, ತೆಲಂಗಾಣ ಗಡಿಯ ಗುರುಮಠಕಲ್ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಒಂದನೇ ತರಗತಿಯಲ್ಲಿ ಮೂರು ತಿಂಗಳು ನನ್ನ ಮಾತೇ ಅವರಿಗೆ ಅರ್ಥವಾಗಲ್ಲ. ನಾನು ನಾಲ್ಕು ಲಂಬಾಣಿ ಮಾತು ಕಲಿತ ಮೇಲೆ ಆ ಮಕ್ಕಳು ಹತ್ತಿರ ಬಂದರು.

ಪಾಲಕರ ಓದು ಲೆಕ್ಕಕ್ಕೇ ಇಲ್ಲವಾ ಅಂತ ಕೇಳಬಹುದು. ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ಇದ್ದರೆ ಯಾದಗಿರಿಯದು ಸುಮಾರು 52, ಹೆಂಗಸರದು ಸುಮಾರು 41. ತಾಯಿಗೆ ಓದು ಬಾರದಿದ್ದರೆ ಮನೆಯಲ್ಲಿ ಪಾಠ ಹೇಳಿಕೊಡೋರು ಇರಲ್ಲ, ಮಗು ಎಲ್ಲಿ ಹಿಂದೆ ಬಿದ್ದಿದೆ ಅಂತ ಗೊತ್ತಾಗಲ್ಲ. ಆದರೆ ಅದೇ ತಾಯಿ ಕಾನ್ವೆಂಟಿಗೆ ಮಗನನ್ನು ಕಳಿಸೋಕೆ ಕಿವಿಯ ಓಲೆ ಅಡ ಇಟ್ಟಿದ್ದನ್ನೂ ನೋಡಿದ್ದೇನೆ. ಮಗನನ್ನು ಕಾನ್ವೆಂಟಿಗೆ, ಮಗಳನ್ನು ನಮ್ಮ ಶಾಲೆಗೆ ಕಳಿಸೋದು ಬೇರೆ ನೋವು.

ಸಮಾಜಕಾರ್ಯ ಓದುತ್ತಿದ್ದೀರಿ, ಸರ್ವೆಗೆ ಈ ಕಡೆ ಬರುತ್ತೀರಿ ಅಂತ ಬರೆದಿದ್ದೀರಿ. ದಯವಿಟ್ಟು ಜೂನ್‌ನಲ್ಲಿ ಬರಬೇಡಿ. ಆಗ ಎಲ್ಲಾ ಶಾಲೆಯೂ ತುಂಬಿರುತ್ತದೆ. ನವೆಂಬರ್ ಕೊನೆಗೆ ಬನ್ನಿ. ಮಗು ಶಾಲೆಗೆ ಯಾಕೆ ಹೋಗಲ್ಲ ಅಂತ ಕೇಳಿದರೆ ತಾಯಂದಿರು ಬೈಯೋಕೆ ಬಂದವರು ಅಂದುಕೊಂಡು ಸುಮ್ನೆ ಆಗುತ್ತಾರೆ. ಬೆಳಗ್ಗೆ ಎಷ್ಟಕ್ಕೆ ಹೊಲಕ್ಕೆ ಹೋಗ್ತೀರಿ, ಆಗ ಕೂಸು ಯಾರ ಹತ್ತಿರ ಇರುತ್ತೆ ಅಂತ ಕೇಳಿ. ನೀವು ಬರೆದುಕೊಳ್ಳೋದಕ್ಕಿಂತ ಬೇಗ ಹೇಳುತ್ತಾರೆ.

ಆ ಹುಡುಗಿ ಈಗ ಏಳನೇ ತರಗತಿ. ಗೋಣಿಚೀಲದ ಮೇಲೆ ಮಲಗುತ್ತಿದ್ದ ತಮ್ಮ ಈ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ. ಮುಂದಿನ ವರ್ಷ ಅವಳಿಗೆ ಆ ಆರು ಕಿಲೋಮೀಟರ್ ದಾರಿ ಇದೆ. ಹಾಸ್ಟೆಲ್ ಅರ್ಜಿ ಹಾಕೋಣ ಅಂತ ಅವಳ ಅಪ್ಪನ ಹತ್ತಿರ ಎರಡು ಸಲ ಮಾತಾಡಿದ್ದೇನೆ. ಇನ್ನೂ ಹೂಂ ಅಂದಿಲ್ಲ. ಜಾತಿ, ಆದಾಯ ಪ್ರಮಾಣಪತ್ರ ಮಾತ್ರ ಮಾಡಿಸಿ ಇಟ್ಟಿದ್ದಾರಂತೆ. ಹತ್ತಿ ಮುಗಿದ ಮೇಲೆ ಮತ್ತೆ ಹೋಗುತ್ತೇನೆ.