ಚೋಂಗ್‌ಚಿಂಗ್: ದೋಣಿ ಮೊದಲೋ, ಹಾಟ್ ಪಾಟ್ ಮೊದಲೋ?

ಚೀನಾದ ಚೋಂಗ್‌ಚಿಂಗ್ ನಗರದಲ್ಲಿ ಸಂಜೆ ನದಿಯ ದೋಣಿ ವಿಹಾರ ಮೊದಲೋ, ಹಾಟ್ ಪಾಟ್ (ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟ) ಮೊದಲೋ, ಸಸ್ಯಾಹಾರಿಗಳಿಗೆ ಅದು ಆಗುತ್ತದಾ ಎಂದು ಕೇಳಿದ್ದೀರಿ. ದೋಣಿಯೇ ಮೊದಲು. ಹಾಟ್ ಪಾಟ್ ಅಂಗಡಿಗಳು ತಡರಾತ್ರಿವರೆಗೂ ತೆರೆದಿರುತ್ತವೆ, ಅವಸರ ಬೇಡ. ಚಾವೊಟಿಯಾನ್‌ಮೆನ್ ಹತ್ತಿರ ದೋಣಿ ಹತ್ತಿ. ಜ್ಯಾಲಿಂಗ್ ನದಿ ಯಾಂಗ್ಟ್ಸಿಗೆ ಸೇರುವುದು ಅಲ್ಲೇ. ಕತ್ತಲಾದ ಮೇಲಿನ ಸರದಿಗೇ ಟಿಕೆಟ್ ತಗೊಳ್ಳಿ, ಬೆಳಕಿರುವಾಗ ಹೋದರೆ ಸುಮ್ನೆ ದಂಡ. ನದಿ ದಡದ ಇಳಿಜಾರಿಗೆ ಅಂಟಿಕೊಂಡ ಬಹುಮಹಡಿ ಕಟ್ಟಡ ಹೊಂಗ್ಯಾದೊಂಗ್‌ನ ದೀಪಗಳು ನೀರಿನಿಂದಲೇ ಚೆನ್ನಾಗಿ ಕಾಣುವುದು.

ನಿಮ್ಮ ಅಸಲಿ ಪ್ರಶ್ನೆ ಸಸ್ಯಾಹಾರದ್ದು ಅಲ್ವಾ? ಇಲ್ಲಿ ಹುಷಾರು. ಅಲ್ಲಿನ ಕೆಂಪು ಸಾರಿನ ಜೀವಾಳವೇ ದನದ ಕೊಬ್ಬು. ತರಕಾರಿ ಮಾತ್ರ ಹಾಕಿಕೊಂಡರೂ ಪ್ರಯೋಜನವಿಲ್ಲ. ಎರಡು ಭಾಗದ ಪಾತ್ರೆ ಸಿಗುತ್ತದೆ, ಆದರೆ ಬಿಳಿ ಸಾರೂ ಎಷ್ಟೋ ಕಡೆ ಮೂಳೆ ಬೇಯಿಸಿದ್ದು. ಜೊತೆಗೆ ಕುದಿಯುವಾಗ ಆಚೆಯದು ಈಚೆ ಸಿಡಿಯುತ್ತದೆ. ಒಬ್ಬೊಬ್ಬರಿಗೆ ಪುಟ್ಟ ಪಾತ್ರೆ ಕೊಡುವ ಅಂಗಡಿ ಹುಡುಕಿ. 'ಮಾಂಸ, ಕೊಬ್ಬು, ಮೂಳೆ ಸಾರು ಬೇಡ. ಬರೀ ನೀರು, ಅಣಬೆ ಸಾಕು' ಎಂದು ಚೀನೀ ಭಾಷೆಯಲ್ಲಿ ಫೋನಿನಲ್ಲಿ ತೋರಿಸಿ. ತಾವರೆ ದಂಟು, ಆಲೂಗಡ್ಡೆ, ತೋಫು ಹಾಕಿ ಬೇಯಿಸಿಕೊಳ್ಳಿ. ನಂಚಿಕೊಳ್ಳಲು ಎಳ್ಳೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಇರುತ್ತದೆ.

ನಾಲಿಗೆ ಜುಮ್ಮೆಂದರೆ ಹೆದರಬೇಡಿ. ಅದು ಸಿಚುವಾನ್ ಮೆಣಸು, ನಮ್ಮ ಮಲೆನಾಡಿನ ಜುಮ್ಮನಕಾಯಿಯ ದಾಯಾದಿ. ಅಗಿಯದೆ ಬದಿಗಿಡಿ.