ಅಣ್ಣ ಏನಂದ?

ಪ್ರಶ್ನೆ: ಅಣ್ಣನಿಗೆ ಸ್ಕಿಜೋಫ್ರೇನಿಯಾ. 9 ವರ್ಷದಿಂದ ಮಾನಸಿಕ ಆಸ್ಪತ್ರೆಯಲ್ಲಿದ್ದಾನೆ. ಈಗ ಹುಷಾರಾಗಿದ್ದಾನೆ, ಕರೆದುಕೊಂಡು ಹೋಗಿ ಅನ್ನುತ್ತಾರೆ ಡಾಕ್ಟರು. ಅಪ್ಪ, ಅಮ್ಮ ಇಲ್ಲ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ, ಮಗಳು ಎಸ್ಸೆಸ್ಸೆಲ್ಸಿ. ಯಜಮಾನರು ಬೇಡವೇ ಬೇಡ ಅನ್ನುತ್ತಾರೆ. ನಾನು ಆಗಲ್ಲ ಅಂದರೆ ಪಾಪ ಸುತ್ತಿಕೊಳ್ಳುತ್ತದೆಯೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಪಾಪ ಸುತ್ತಿಕೊಳ್ಳುವುದಿಲ್ಲ. ಅತ್ತೆಯ ಸೇವೆಯನ್ನು ಒಬ್ಬರೇ ಮಾಡುತ್ತಿರುವ ನಿಮ್ಮ ತಲೆಯ ಮೇಲೆ ಅಣ್ಣನನ್ನೂ ಹೊರಿಸಿದರೆ, ಆಸ್ಪತ್ರೆಯ ಹೊರೆ ಹೆಣ್ಣುಮಗಳೊಬ್ಬಳ ಹೆಗಲಿಗೆ ಬಂತು ಅಷ್ಟೆ. ಹಾಗೆ ಮನೆಗೆ ಬಂದವರು ಮತ್ತೆ ಆಸ್ಪತ್ರೆ ಸೇರುವುದನ್ನು ನೋಡಿ ನೊಂದಿದ್ದೇನೆ.

ಆದರೆ ಅಣ್ಣ ಅಲ್ಲೇ ಇರಲಿ ಅಂತಲೂ ನಾನು ಹೇಳಲಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮನೆಯವರಿಲ್ಲ ಅಥವಾ ಮನೆಯವರು ಒಪ್ಪುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಆಸ್ಪತ್ರೆಯಲ್ಲೇ ಉಳಿಯಬೇಕಾಗಿಲ್ಲ. ಹೊರಗೆ ಬದುಕಲು ಬೇಕಾದ ಆಸರೆ ಮನೆಗಳನ್ನು ಒದಗಿಸುವುದು ಸರ್ಕಾರದ ಹೊಣೆ. ನಮ್ಮಲ್ಲಿ ಅವು ಸಾಲದು, ನಿಜ. ಆದರೂ ಆಸ್ಪತ್ರೆಯ ಸೋಷಿಯಲ್ ವರ್ಕರ್ ಬಳಿ ಬಾಯಿಬಿಟ್ಟು ಕೇಳಿ. ತಮಿಳುನಾಡಿನಲ್ಲಿ ದಿ ಬ್ಯಾನ್ಯನ್ ಸಂಸ್ಥೆ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ನಾಲ್ಕೈದು ಜನರನ್ನು ಸೇರಿಸಿ, ಎಲ್ಲರಂಥದೇ ಓಣಿಯಲ್ಲಿ ಬಾಡಿಗೆ ಮನೆ ಮಾಡಿಕೊಟ್ಟಿದೆ. ಜೊತೆಗೆ ನೋಡಿಕೊಳ್ಳಲು ಒಬ್ಬ ಸಹಾಯಕಿ. ಅಂದರೆ ಆಸ್ಪತ್ರೆ ಬಿಟ್ಟರೆ ನಿಮ್ಮ ಪಡಸಾಲೆ ಅಂತ ಎರಡೇ ದಾರಿ ಇಲ್ಲ. ನಿಮ್ಮ ಊರಲ್ಲೇ ಒಂದು ಕೋಣೆ ಹಿಡಿದು, ಊಟ ನಿಮ್ಮ ಮನೆಯಿಂದ ಹೋದರೂ ಆದೀತು.

ಇನ್ನೊಂದು ಮಾತು. ಡಾಕ್ಟರು ಏನಂದರು, ಯಜಮಾನರು ಏನಂದರು ಎಂದು ಬರೆದಿದ್ದೀರಿ. ಅಣ್ಣ ಏನಂದ? ಪತ್ರವನ್ನು ಮತ್ತೆ ಮತ್ತೆ ಓದಿದೆ, ಅದೊಂದು ಸಿಗಲಿಲ್ಲ. ಗಂಟೆ ಹೊಡೆದಾಗ ಉಂಡು, ಕೈಗಿಟ್ಟ ಮಾತ್ರೆ ನುಂಗಿ 9 ವರ್ಷ ಕಳೆದವರಿಗೆ ಚಹಾದಂಗಡಿಯಲ್ಲಿ ದುಡ್ಡು ಕೊಡುವುದೂ ಹೊಸದೇ. ನಿಮಗಿಂತ ಹೆಚ್ಚು ಹೆದರಿಕೆ ಅವರಿಗಿರಬಹುದು. ಅದಕ್ಕೇ ಮೊದಲು ಎರಡು ದಿನ ಮನೆಗೆ ಬಂದು ಹೋಗಲಿ, ಆಮೇಲೆ ಒಂದು ವಾರ.

ಬರುವ ಮುಂಚೆ ಔಷಧದ ವ್ಯವಸ್ಥೆ ಗಟ್ಟಿ ಮಾಡಿಕೊಳ್ಳಿ. ದಿನಾ ಮಾತ್ರೆಯ ಬದಲು ತಿಂಗಳಿಗೊಂದು ಇಂಜೆಕ್ಷನ್ ಆಗುತ್ತದೆಯೇ ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮಾನಸಿಕ ಕಾಯಿಲೆಯವರನ್ನು ನೋಡುವ ಮನೋಚೈತನ್ಯ ಕ್ಲಿನಿಕ್ಕಿಗೆ ಹೆಸರು ಬರೆಸಿ. ನಿದ್ದೆ ಕೆಟ್ಟರೆ, ಮಾತು ಬಿಟ್ಟರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಗವಿಕಲರ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ, ಮಾಸಾಶನ ಕೇಳಲು ಅದು ಬೇಕು.

ಯಜಮಾನರ ಮೇಲೆ ಸಿಟ್ಟಾಗಬೇಡಿ. ಅವರ ಕಣ್ಣಲ್ಲಿ ಉಳಿದಿರುವುದು 9 ವರ್ಷದ ಹಿಂದಿನ ಆ ಕೆಟ್ಟ ದಿನದ ಅಣ್ಣ. ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ. ಡಾಕ್ಟರ ಅನುಮತಿ ಕೇಳಿ, ಮೂವರೂ ಗೇಟಿನಾಚೆ ಕೂತು ಚಹಾ ಕುಡಿದು ಬನ್ನಿ. ದುಡ್ಡು ಅಣ್ಣನ ಕೈಯಿಂದಲೇ ಕೊಡಿಸಿ.